ಶಿಲೆಯ ಪಡಿಯಚ್ಚೂ ಬೆಳಕಿನ ಪಡಿಯಚ್ಚೂ

ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆಯು ಶಾಸನಾಭ್ಯಾಸಿಗಳಿಗೆ ಸುಪರಿಚಿತವಾದುದು. ಬಿ. ಎಲ್. ರೈಸ್ ಅವರು ೧೯೦೧ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಆರನೆಯ ಸಂಪುಟವು ಅಂದಿನ ಕಡೂರು ಜಿಲ್ಲೆಯ ಶಾಸನಗಳಿಗೇ ಮೀಸಲಾಗಿದೆ. ತರೀಕೆರೆಯ ಸಮೀಪದ ಅಮೃತಾಪುರದಲ್ಲಿ ಹೊಯ್ಸಳ ವೀರಬಲ್ಲಾಳನ ದಂಡನಾಯಕನು ೧೧೯೬ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯದ ಶಾಸನಪದ್ಯಗಳು ಜನ್ನಕವಿಯ ರಚನೆಯೆಂಬುದು ಸಾಹಿತ್ಯಾಧ್ಯಾಪಕರಿಗೆ ವಿದಿತವೇ ಆಗಿದೆ. ಇಂಥ ಶಾಸನವನ್ನು ಓದುವುದಕ್ಕೆ ಮೊದಲು ಅದರ ಪಡಿಯಚ್ಚನ್ನು ತೆಗೆಯುವುದು ಸಂಪ್ರದಾಯ. ತೇವದ ಕಾಗದವನ್ನು ಶಿಲೆಗೆ ಹೊದಿಸಿ, ಕುಂಚದಿಂದ ಬಡಿದು, ಮಸಿಯನ್ನೊತ್ತಿದರೆ, ಬರಿಗಣ್ಣಿಗೆ ತೋರದಿದ್ದ ಅಕ್ಷರವೂ ಬೆಳ್ಳಗೆ ಮೂಡುವುದುಂಟು. ಇದೇ ಸೀಮೆಯ ಆಕಾಶದಲ್ಲಿ ಕಾಣುವ ತಾರಾಪುಂಜಗಳನ್ನೂ ಗೆಲಕ್ಸಿಗಳನ್ನೂ ಸಣ್ಣ ದೂರದರ್ಶಕದಿಂದ ಛಾಯಾಚಿತ್ರಕ್ಕೆ ಇಳಿಸುವ ಕಾರ್ಯವು ಸ್ವರೂಪದಲ್ಲಿ ಇದಕ್ಕಿಂತ ಬಹಳ ಭಿನ್ನವಾದುದಲ್ಲ. ಆದುದರಿಂದ ಗ್ರಂಥಸಂಪಾದನೆಯ ನಿಯಮಗಳು ಇದಕ್ಕೂ ಸಲ್ಲತಕ್ಕವು.

ಪುರಾಣಗಳು ಕೃತ್ತಿಕೆಯರನ್ನು ಆರು ಮಂದಿ ಮಾತೃಗಳೆಂದು ಹೇಳುತ್ತವೆ. ಬರಿಗಣ್ಣಿಗೆ ಸಾಮಾನ್ಯವಾಗಿ ತೋರುವ ತಾರೆಗಳೂ ಆರೇಳು. ೧೬೧೦ರಲ್ಲಿ ಗೆಲಿಲಿಯೋ ತನ್ನ ಗ್ರಂಥದಲ್ಲಿ ಅಲ್ಲಿ ೩೬ ತಾರೆಗಳನ್ನು ಬರೆದು ತೋರಿಸಿದನು. ಪುಷ್ಯದ ಬಳಿ ಮಂಜಿನಂತೆ ಕಾಣುವ ಕಲೆಯು ನಲವತ್ತಕ್ಕೂ ಮಿಕ್ಕ ತಾರೆಗಳ ಸಮೂಹವೆಂದೂ ಹೇಳಿದನು. ಆದರೆ ಅದು ಕೈಯಿಂದ ಬರೆದ ಚಿತ್ರ. ಲಿಪಿಕಾರನ ಪ್ರಮಾದವು ಓಲೆಯಲ್ಲಿ ಸೇರುವಂತೆ, ಬರೆಯುವವನ ಕಣ್ಣಿನ ದೋಷವೂ ಊಹೆಯೂ ಅದರಲ್ಲಿ ಸೇರದೆ ಇರಲಾರವು.

ಈ ಕೊರತೆಯನ್ನು ನೀಗಿದುದು ಛಾಯಾಗ್ರಹಣ. ೧೮೮೦ನೆಯ ಸೆಪ್ಟೆಂಬರ್ ೩೦ರಂದು ಅಮೆರಿಕದ ಹೆನ್ರಿ ಡ್ರೇಪರನು ಮಹಾವ್ಯಾಧ ರಾಶಿಯ ನೀಹಾರಿಕೆಗೆ ೫೧ ನಿಮಿಷ ಫಲಕವನ್ನೊಡ್ಡಿ ಅದರ ಮೊದಲ ಛಾಯಾಚಿತ್ರವನ್ನು ಪಡೆದನು. ೧೮೮೫ರಲ್ಲಿ ಪ್ಯಾರಿಸಿನ ಹೆನ್ರಿ ಸೋದರರ ಫಲಕದಲ್ಲಿ, ಕೃತ್ತಿಕೆಯ ಒಂದು ತಾರೆಯ ಸುತ್ತ, ಅದುವರೆಗೆ ಯಾರೂ ಗುರುತಿಸದಿದ್ದ ನೀಹಾರಿಕೆಯೊಂದು ಮೂಡಿತು. ೧೮೮೮ರಲ್ಲಿ ಇಂಗ್ಲೆಂಡಿನ ಐಸಾಕ್ ರಾಬರ್ಟ್ಸನು ತೆಗೆದ ಚಿತ್ರದಲ್ಲಿ ದೇವಯಾನಿಯ ಸುರುಳಿಯ ಆಕೃತಿಯು ಸ್ಪಷ್ಟವಾಯಿತು. ೧೯೨೩ನೆಯ ಅಕ್ಟೋಬರಿನಲ್ಲಿ ಎಡ್ವಿನ್ ಹಬಲನು ಅದೇ ದೇವಯಾನಿಯ ಫಲಕವೊಂದರ ಮೇಲೆ ನವತಾರೆಯೆಂದು ಹಾಕಿದ್ದ ಗುರುತನ್ನು ಹೊಡೆದುಹಾಕಿ, ಕಾಂತಿ ಬದಲಾಗುವ ತಾರೆಯೆಂದು ತಿದ್ದಿದನು. ಆ ಒಂದು ತಿದ್ದುಪಡಿಯಿಂದ ದೇವಯಾನಿಯು ನಮ್ಮ ಆಕಾಶಗಂಗೆಯ ಆಚೆಗಿರುವ ಬೇರೊಂದು ಗೆಲಕ್ಸಿಯೆಂದು ಸಿದ್ಧವಾಯಿತು. ಹಬಲನು ಗಣಿಸಿದ ದೂರವು ಸುಮಾರು ೯ ಲಕ್ಷ ಜ್ಯೋತಿರ್ವರ್ಷ. ಈಗ ಅಂಗೀಕೃತವಾದುದು ಸುಮಾರು ೨೫ ಲಕ್ಷ.

ಡ್ರೇಪರನ ದೂರದರ್ಶಕದ ಬಾಯಿ ೧೧ ಅಂಗುಲ, ರಾಬರ್ಟ್ಸನದು ೨೦, ಹಬಲನು ಬಳಸಿದುದು ೧೦೦. ೨೦೨೩ರಲ್ಲಿ ಬಂದ ಸೀಸ್ಟಾರ್ ಎಸ್ ೫೦ ಎಂಬ ಯಂತ್ರದ ಬಾಯಿ ೫೦ ಮಿಲಿಮೀಟರ್, ಅಂದರೆ ಕೇವಲ ಎರಡು ಅಂಗುಲ. ಇಷ್ಟು ಕಿರಿದಾದ ಯಂತ್ರವು ದೇವಯಾನಿಯನ್ನು ಚಿತ್ರಿಸುವ ಬಗೆಯನ್ನು ಸಂಪಾದಕರು ಸುಲಭವಾಗಿ ಗ್ರಹಿಸಬಲ್ಲರು. ಅದು ಹತ್ತು ಹತ್ತು ಸೆಕೆಂಡುಗಳ ನೂರಾರು ಚಿತ್ರಗಳನ್ನು ತೆಗೆದು ಒಂದರ ಮೇಲೊಂದನ್ನು ಹೊಂದಿಸುತ್ತದೆ. ಹಲವು ಪ್ರತಿಗಳನ್ನು ಹೋಲಿಸಿದಾಗ ಒಬ್ಬೊಬ್ಬ ಲಿಪಿಕಾರನ ತಪ್ಪು ಒಂದೊಂದು ಬಗೆಯಾಗಿದ್ದು, ಶುದ್ಧಪಾಠವು ಮಾತ್ರ ಮರಳಿ ಮರಳಿ ಬರುವಂತೆ, ಇಲ್ಲಿಯೂ ಯಾದೃಚ್ಛಿಕವಾದ ಕಲೆಗಳು ಅಡಗಿ ತಾರೆಯ ಬೆಳಕು ಉಳಿಯುವುದು. ಆದರೆ ಒಂದೇ ಮಾತೃಕೆಯಿಂದ ಇಳಿದ ತಪ್ಪು ಎಲ್ಲ ಪ್ರತಿಗಳಲ್ಲಿಯೂ ಇರುವಂತೆ, ಯಂತ್ರದ ಸ್ವಂತ ದೋಷವು ಎಲ್ಲ ಚಿತ್ರಗಳಲ್ಲಿಯೂ ಇರುವುದು. ಅದನ್ನರಿಯಲು ಬೆಳಕನ್ನು ಮುಚ್ಚಿ ಒಂದು ಕತ್ತಲೆಯ ಚಿತ್ರವನ್ನು ತೆಗೆದು, ಅದನ್ನು ಉಳಿದವುಗಳಿಂದ ಕಳೆಯಬೇಕು.

ಈ ಕಾರ್ಯಕ್ಕೆ ಕಡೂರು ಸೀಮೆಯು ಯೋಗ್ಯವಾದ ಸ್ಥಳ. ತರೀಕೆರೆಯ ಪಶ್ಚಿಮಕ್ಕೆ ಮಲೆಗಳಿದ್ದರೂ ಕಡೂರು, ಅಜ್ಜಂಪುರಗಳು ಮಳೆ ಕಡಮೆಯಾದ ಬಯಲುನಾಡು. ಮುಂಗಾರಿನ ತಿಂಗಳುಗಳಲ್ಲಿ ಮೋಡವು ಅಡ್ಡಿಯಾದರೂ, ಮಾಗಿಯ ರಾತ್ರಿಗಳು ಬಹುಮಟ್ಟಿಗೆ ನಿರ್ಮಲವಾಗಿರುವುವು. ಸುಮಾರು ೧೩½ ಅಂಶದ ಈ ಅಕ್ಷಾಂಶದಲ್ಲಿ ಕೃತ್ತಿಕೆಯು ನೆತ್ತಿಯಿಂದ ಹತ್ತು ಅಂಶದಷ್ಟು ಸಮೀಪಕ್ಕೆ ಬರುತ್ತದೆ. ದೇವಯಾನಿಯು ಉತ್ತರದಲ್ಲಿ ಅರುವತ್ತು ಅಂಶಕ್ಕೂ ಮೇಲೇರುತ್ತದೆ. ಕಿನ್ನರ ರಾಶಿಯ ಒಮೆಗಾ ಎಂಬ ಮಹಾಗುಚ್ಛವು ಬೇಸಗೆಯ ರಾತ್ರಿಗಳಲ್ಲಿ ದಕ್ಷಿಣದಿಗಂತದಿಂದ ಸುಮಾರು ೨೯ ಅಂಶದ ಎತ್ತರಕ್ಕೆ ಬರುತ್ತದೆ. ರಾಬರ್ಟ್ಸನ ಇಂಗ್ಲೆಂಡಿನಲ್ಲಿ ಅದು ಉದಯಿಸುವುದೇ ಇಲ್ಲ. ಊರದೀಪಗಳ ಬೆಳಕು ಮಾತ್ರ ಶಿಲೆಯ ಮೇಲಿನ ಸುಣ್ಣದಂತೆ ಇವನ್ನು ಮರೆಮಾಡಬಲ್ಲುದು.

ಇನ್ನು ವಿಚಾರಣೀಯವಾದುದು ಪ್ರಾಮಾಣ್ಯ. ಯಂತ್ರವು ಬಣ್ಣವನ್ನು ಏರಿಸಬಲ್ಲುದು, ಮಂಕಾದುದನ್ನು ಬೆಳಗಿಸಬಲ್ಲುದು. ಈಚಿನ ಗಣಕವಿಧಾನಗಳು ಇಲ್ಲದ ವಿವರವನ್ನೂ ಊಹಿಸಿ ತುಂಬಬಲ್ಲುವು. ತ್ರುಟಿತಾಕ್ಷರವನ್ನು ಊಹಿಸಿದ ಸಂಪಾದಕನು ಅದನ್ನು ಕಂಸದಲ್ಲಿರಿಸುವನು; ಕಂಸವಿಲ್ಲದೆ ಅಚ್ಚು ಹಾಕಿಸಿದರೆ ಅದು ಕೂಟಪಾಠವೆನಿಸುವುದು. ಚಿತ್ರಕ್ಕೂ ಇದೇ ನ್ಯಾಯ. ಅದರ ದಿನ, ಹೊತ್ತು, ಸ್ಥಳ, ಯಂತ್ರ, ಒಡ್ಡಿದ ಕಾಲ, ಮಾಡಿದ ಸಂಸ್ಕಾರ, ಇವಿಷ್ಟೂ ಚಿತ್ರದ ಜೊತೆಯಲ್ಲಿಯೇ ದಾಖಲಾಗಬೇಕು.

ಇದು ವೃಥಾ ಶ್ರಮವಲ್ಲ. ೨೦೧೪ನೆಯ ಜನವರಿ ೨೧ರಂದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಅಧ್ಯಾಪಕರೂ ವಿದ್ಯಾರ್ಥಿಗಳೂ ೩೫ ಸೆಂಟಿಮೀಟರಿನ ದೂರದರ್ಶಕದಿಂದ ಪಾಠಕ್ಕೆಂದು ಚಿತ್ರ ತೆಗೆಯುತ್ತಿದ್ದಾಗ, ಸಪ್ತರ್ಷಿಮಂಡಲದ ಗೆಲಕ್ಸಿಯೊಂದರಲ್ಲಿ ಸಿಡಿದ ತಾರೆಯೊಂದನ್ನು ಕಂಡರು. ಅದಕ್ಕೆ ಹಿಂದಿನ ದಿನಗಳಲ್ಲಿ ಇತರರು ತೆಗೆದಿದ್ದ ಚಿತ್ರಗಳಲ್ಲಿ ಕಾಲವು ನಮೂದಾಗಿದ್ದುದರಿಂದ ಸ್ಫೋಟದ ಕಾಲವನ್ನು ಗೊತ್ತುಮಾಡಲು ಸಾಧ್ಯವಾಯಿತು.

ಪುಷ್ಯದ ಪುಂಜದಿಂದ ಇಂದು ಕಡೂರಿಗೆ ಬಂದು ಮುಟ್ಟುವ ಬೆಳಕು ಹೊರಟು ಸುಮಾರು ಆರುನೂರು ವರ್ಷಗಳಾದವು. ಆಗ ವಿಜಯನಗರದಲ್ಲಿ ಸಂಗಮವಂಶದ ಅರಸರು ಆಳುತ್ತಿದ್ದರು. ಕಲ್ಲು ಉಳಿದಿದ್ದರೆ ಪಡಿಯಚ್ಚನ್ನು ಮತ್ತೊಮ್ಮೆ ತೆಗೆಯಬಹುದು. ಒಂದು ರಾತ್ರಿ ಬಂದ ಬೆಳಕಾದರೋ ಮರುದಿನಕ್ಕೆ ದೊರೆಯದು. ಅದರ ಪ್ರತಿ ಒಂದೇ. ತೇದಿಯಿಲ್ಲದ ಶಾಸನದಿಂದ ಚರಿತ್ರಕಾರನಿಗೆ ಎಷ್ಟು ಪ್ರಯೋಜನವೋ ತೇದಿಯಿಲ್ಲದ ಆ ಪ್ರತಿಯಿಂದ ಖಗೋಲಜ್ಞನಿಗೂ ಅಷ್ಟೇ.