ಒಂದೇ ರಾಶಿಯ ಬೇರೆ ಬೇರೆ ಅಣುಗಳು: ಐಸೊವ್ಯಾಲೆರಿಕ್ ಆಮ್ಲರಕ್ತತೆಯ ಪತ್ತೆಯಲ್ಲಿ ಕ್ರೊಮಟೋಗ್ರಫಿಯ ಸ್ಥಾನ

ಜೀವಕೋಶದಲ್ಲಿ ಆಹಾರಾಂಶಗಳು ಒಡೆದು, ಕೂಡಿ, ರೂಪಾಂತರ ಹೊಂದುವಾಗ ಹುಟ್ಟುವ ಸಣ್ಣ ಅಣುಗಳನ್ನು ಚಯಾಪಚಯಜಗಳೆಂದು ಕರೆಯಲಾಗುತ್ತದೆ. ಇವುಗಳ ಅಧ್ಯಯನದಲ್ಲಿ ಎರಡು ವಿಧಾನಗಳು ಜೊತೆಗೂಡುತ್ತವೆ. ಮಿಶ್ರಣವನ್ನು ಕಾಲಮ್ ಎಂಬ ನಳಿಕೆಯಲ್ಲಿ ಹಾಯಿಸಿ, ಅದರೊಳಗಿನ ಲೇಪವು ಪ್ರತಿ ಘಟಕವನ್ನು ಎಷ್ಟು ಹೊತ್ತು ಹಿಡಿದಿಡುತ್ತದೆ ಎಂಬುದರ ಮೇಲೆ ಅವುಗಳನ್ನು ಬೇರ್ಪಡಿಸುವುದು ಕ್ರೊಮಟೋಗ್ರಫಿ. ಹಾಗೆ ಹೊರಬಂದ ಅಣುಗಳಿಗೆ ವಿದ್ಯುದಾವೇಶ ನೀಡಿ, ರಾಶಿ ಮತ್ತು ಆವೇಶದ ಅನುಪಾತಕ್ಕೆ ತಕ್ಕಂತೆ ವಿಂಗಡಿಸುವುದು ದ್ರವ್ಯರಾಶಿ ರೋಹಿತಮಾಪನ. ರೋಹಿತಮಾಪಕಗಳು ಸೂಕ್ಷ್ಮವಾದಂತೆಲ್ಲ ಕಾಲಮನ್ನು ಬರಿಯ ಪೂರ್ವಸಿದ್ಧತೆಯೆಂದು, ಸಮಯ ಉಳಿಸಬೇಕಾದಲ್ಲಿ ಬಿಟ್ಟುಬಿಡಬಹುದಾದ ಹಂತವೆಂದು ಕಾಣುವುದು ಸುಲಭ. ಆ ಗ್ರಹಿಕೆ ಎಷ್ಟು ಅಪಾಯಕಾರಿ ಎಂಬುದಕ್ಕೆ ಐಸೊವ್ಯಾಲೆರಿಕ್ ಆಮ್ಲರಕ್ತತೆಯೆಂಬ ಆನುವಂಶಿಕ ಕಾಯಿಲೆಯೇ ನಿದರ್ಶನ.

ಲ್ಯೂಸಿನ್ ಎಂಬ ಅಮೈನೊ ಆಮ್ಲವನ್ನು ಒಡೆಯುವ ಸರಣಿಯಲ್ಲಿ ಐಸೊವ್ಯಾಲೆರಿಲ್-ಕೋಎ ಡಿಹೈಡ್ರೋಜಿನೇಸ್ ಎಂಬ ಕಿಣ್ವ ಕೊರತೆಯಾದಾಗ ಐಸೊವ್ಯಾಲೆರಿಕ್ ಆಮ್ಲ ದೇಹದಲ್ಲಿ ಶೇಖರವಾಗುತ್ತದೆ. ಮಗು ವಾಂತಿ ಮಾಡಿಕೊಂಡು, ರಕ್ತ ಆಮ್ಲೀಯವಾಗಿ, ಪ್ರಜ್ಞೆ ತಪ್ಪುವ ಸ್ಥಿತಿಗೂ ಹೋಗಬಹುದು, ಮೈಯಿಂದ ಬೆವತ ಪಾದಗಳ ವಾಸನೆ ಬರುತ್ತದೆ. 1966ರಲ್ಲಿ ಕೇ ತನಾಕಾ ಮತ್ತು ಸಂಗಡಿಗರು ಅನಿಲ ಕ್ರೊಮಟೋಗ್ರಫಿ ಮತ್ತು ರೋಹಿತಮಾಪನಗಳ ನೆರವಿನಿಂದ ಈ ಆಮ್ಲವನ್ನು ಗುರುತಿಸಿ ಕಾಯಿಲೆಯನ್ನು ವಿವರಿಸಿದರು. ಇದಕ್ಕೆ ನೆಲೆ ಒದಗಿಸಿದ್ದು 1952ರಲ್ಲಿ ಜೇಮ್ಸ್ ಮತ್ತು ಮಾರ್ಟಿನ್ ರೂಪಿಸಿದ ಅನಿಲ-ದ್ರವ ಕ್ರೊಮಟೋಗ್ರಫಿ. ಅವರು ಅದನ್ನು ಮೊದಲು ಪ್ರಯೋಗಿಸಿದ್ದೂ ಆವಿಯಾಗಬಲ್ಲ ಕೊಬ್ಬಿನಾಮ್ಲಗಳ ಮೇಲೆಯೇ.

ಆದರೆ ಆವಿಯಾಗುವ ಗುಣವೇ ಇಲ್ಲಿ ತೊಡಕೂ ಹೌದು. ಮೂತ್ರದಿಂದ ಆಮ್ಲಗಳನ್ನು ದ್ರಾವಕಕ್ಕೆ ಸೆಳೆದು, ದ್ರಾವಕವನ್ನು ಒಣಗಿಸಿ, ಟ್ರೈಮೀಥೈಲ್‌ಸಿಲೈಲ್ ಗುಂಪು ಸೇರಿಸಿ ಅವುಗಳನ್ನು ಅನಿಲ ಕಾಲಮಿಗೆ ಸಜ್ಜುಗೊಳಿಸುವಷ್ಟರಲ್ಲಿ ಬಿಡಿ ಐಸೊವ್ಯಾಲೆರಿಕ್ ಆಮ್ಲ ಬಹುಪಾಲು ಆವಿಯಾಗಿ ಕಳೆದುಹೋಗಬಹುದು. ಆದ್ದರಿಂದ ಪ್ರಯೋಗಾಲಯಗಳು ನೆಚ್ಚುವುದು ದೇಹವೇ ಆ ಆಮ್ಲವನ್ನು ಗ್ಲೈಸಿನ್ ಎಂಬ ಅಮೈನೊ ಆಮ್ಲದ ಜೊತೆ ಬೆಸೆದು ಹೊರಹಾಕುವ ಐಸೊವ್ಯಾಲೆರಿಲ್‌ಗ್ಲೈಸಿನ್ ಅನ್ನು. ಚಯಾಪಚಯಜದ ಅಧ್ಯಯನವೆಂದರೆ ಮಾದರಿಯಲ್ಲಿ ಏನಿದೆ ಎಂಬುದರ ಜೊತೆಗೆ ಸಿದ್ಧತೆಯ ಹಾದಿಯಲ್ಲಿ ಏನು ಉಳಿಯುತ್ತದೆ ಎಂಬುದರ ಅಧ್ಯಯನವೂ ಆಗಿದೆ.

ನವಜಾತ ಶಿಶುಗಳ ಸಾಮೂಹಿಕ ತಪಾಸಣೆಗೆ ಇಷ್ಟು ನಿಧಾನದ ಕ್ರಮ ಒಗ್ಗುವುದಿಲ್ಲ. ಕಾಗದದ ಮೇಲೆ ಒಣಗಿಸಿದ ರಕ್ತದ ತೊಟ್ಟಿನಿಂದ ಸೆಳೆದ ದ್ರವವನ್ನು ಕಾಲಮ್ ಇಲ್ಲದೆ ನೇರವಾಗಿ ಟ್ಯಾಂಡಮ್ ರೋಹಿತಮಾಪಕಕ್ಕೆ, ಎಂದರೆ ಒಂದು ಅಯಾನನ್ನು ಆರಿಸಿ, ಒಡೆದು, ಚೂರುಗಳನ್ನೂ ಅಳೆಯುವ ಯಂತ್ರಕ್ಕೆ ಹರಿಸಿದರೆ ಕೆಲವೇ ನಿಮಿಷಗಳಲ್ಲಿ ಹಲವು ಕಾಯಿಲೆಗಳ ಸುಳಿವು ದೊರೆಯುತ್ತದೆ. ಇಲ್ಲಿ ಐಸೊವ್ಯಾಲೆರಿಕ್ ಆಮ್ಲ ಕಾಣಿಸಿಕೊಳ್ಳುವುದು ಕಾರ್ನಿಟೈನ್ ಎಂಬ ವಾಹಕ ಅಣುವಿಗೆ ಅಂಟಿದ ರೂಪದಲ್ಲಿ: ಅಯಾನಿನ ರಾಶಿ 246, ಅದರ ಪ್ರಮುಖ ಚೂರಿನ ರಾಶಿ 85. ತೊಡಕೆಂದರೆ, ಐಸೊಲ್ಯೂಸಿನ್ ವಿಘಟನೆಯ ದೋಷದಲ್ಲಿ ಹೆಚ್ಚುವ 2-ಮೀಥೈಲ್‌ಬ್ಯುಟಿರಿಲ್‌ಕಾರ್ನಿಟೈನ್ ಕೂಡ 246ರಲ್ಲೇ ನಿಲ್ಲುತ್ತದೆ. ತಾಯಿ ಪಿವಲಿಕ್ ಆಮ್ಲವುಳ್ಳ ಕೆಲವು ಪ್ರತಿಜೀವಕಗಳನ್ನು ಸೇವಿಸಿದ್ದರೆ, ಅಥವಾ ಅದರ ಎಸ್ಟರ್ ಸೇರಿದ ಮುಲಾಮನ್ನು ಮೊಲೆತೊಟ್ಟಿಗೆ ಹಚ್ಚಿದ್ದರೆ, ಆರೋಗ್ಯವಂತ ಮಗುವಿನ ರಕ್ತದಲ್ಲಿ ಕಾಣುವ ಪಿವಲಾಯಿಲ್‌ಕಾರ್ನಿಟೈನ್ ಕೂಡ ಅಲ್ಲಿಯೇ. ಇವು ಸಮಾಂಗಿಗಳು, ಅಂದರೆ ಒಂದೇ ಪರಮಾಣುಗಳನ್ನು ಬೇರೆ ಜೋಡಣೆಯಲ್ಲಿ ಹೊತ್ತ ಅಣುಗಳು. 85ರ ಚೂರು ಕಾರ್ನಿಟೈನ್ ಭಾಗದ್ದಾದುದರಿಂದ ಅದೂ ಎಲ್ಲದರಲ್ಲೂ ಒಂದೇ. ರಾಶಿಯನ್ನು ದಶಮಾಂಶದ ಎಷ್ಟು ಸ್ಥಾನಗಳವರೆಗೆ ಅಳೆದರೂ ಇವು ಬೇರ್ಪಡುವುದಿಲ್ಲ. ಹೆಚ್ಚು ನಿಖರವಾದ ಯಂತ್ರ ಈ ಪ್ರಶ್ನೆಗೆ ಉತ್ತರವಲ್ಲವೆಂಬುದನ್ನು ಒತ್ತಿ ಹೇಳಲೇಬೇಕು.

ಕಾಲಮಿನಲ್ಲಾದರೋ ಇಂಗಾಲದ ಸರಪಳಿ ಎಲ್ಲಿ ಕವಲೊಡೆದಿದೆ ಎಂಬುದು ಅಣು ಹೊರಬರುವ ಹೊತ್ತನ್ನು ಬದಲಿಸುತ್ತದೆ. ಆದ್ದರಿಂದಲೇ ಸಂಶಯ ಮೂಡಿದಾಗ ಅದೇ ರಕ್ತದ ತೊಟ್ಟನ್ನು ದ್ರವ ಕ್ರೊಮಟೋಗ್ರಫಿಯ ಮೂಲಕ ಮರುಪರೀಕ್ಷೆಗೆ ಒಳಪಡಿಸುವ ಎರಡನೆಯ ಹಂತ ಬಳಕೆಗೆ ಬಂದಿದೆ, ಮೂತ್ರದ ಗ್ಲೈಸಿನ್ ರೂಪವೂ ಸಾಕ್ಷಿಗೆ ನಿಲ್ಲುತ್ತದೆ.

ಕರ್ನಾಟಕಕ್ಕೆ ಈ ವಿಚಾರ ದೂರದ್ದಲ್ಲ. ತಂದೆ ತಾಯಿ ಇಬ್ಬರಿಂದಲೂ ದೋಷಯುಕ್ತ ವಂಶವಾಹಿ ಬಂದಾಗ ಮಾತ್ರ ಪ್ರಕಟವಾಗುವ ಇಂಥ ಕಾಯಿಲೆಗಳ ಸಂಭವ ಇಲ್ಲಿ ರೂಢಿಯಲ್ಲಿರುವ ಸೋದರಮಾವನೊಂದಿಗಿನ ಮದುವೆಯಲ್ಲಿ ಹೆಚ್ಚು. ಅಂಥ ದಂಪತಿಗಳ ಮಗುವಿನ ಅಂತಃಸಂತಾನ ಗುಣಾಂಕ, ಅಂದರೆ ಒಂದು ವಂಶವಾಹಿಯ ಎರಡು ಪ್ರತಿಗಳೂ ಒಬ್ಬನೇ ಪೂರ್ವಜನಿಂದ ಬಂದಿರುವ ಸಂಭವ, 1/8, ಅತ್ತೆಯ ಅಥವಾ ಮಾವನ ಮಕ್ಕಳೊಂದಿಗಿನ ಮದುವೆಯಲ್ಲಿ 1/16. ಇಲ್ಲಿ ತಪಾಸಣೆ ವಿಸ್ತರಿಸುವಾಗ ಕಾಲಮಿನ ಹಂತವನ್ನೂ ಜೊತೆಗೇ ಯೋಜಿಸುವುದು ಅಗತ್ಯ, ಏಕೆಂದರೆ 246ರ ಗೆರೆಯೊಂದನ್ನೇ ನೆಚ್ಚಿದರೆ ಲ್ಯೂಸಿನ್ ಮಿತಗೊಳಿಸಿ, ಕಾರ್ನಿಟೈನ್ ಮತ್ತು ಗ್ಲೈಸಿನ್ ಕೊಡಬೇಕಾದ ಮಗು ಯಾವುದು, ತಾಯಿಯ ಔಷಧ ನಿಲ್ಲಿಸಿದರೆ ಸಾಕಾಗುವ ಮಗು ಯಾವುದು ಎಂಬುದು ತಿಳಿಯುವುದಿಲ್ಲ.