ಪರವಾನಗಿ ಮತ್ತು ಮರುತರಬೇತಿ (ಸಿಂಧನೂರು, ಲಿಂಗಸುಗೂರು, ಮಸ್ಕಿ)

ರಾಯಚೂರು ಜಿಲ್ಲೆಯ ಈ ಮೂರು ತಾಲ್ಲೂಕುಗಳಲ್ಲಿ ಪರವಾನಗಿ ಬೇಡುವ ಕಸುಬುಗಳು ಹಲವಿವೆ. ಅವುಗಳಲ್ಲಿ ನೆಲದ ಸ್ವಭಾವಕ್ಕೆ ಹೊಂದಿ ಬೆಳೆದವು ಎರಡು: ಗೊಬ್ಬರ–ಕೀಟನಾಶಕ ವ್ಯಾಪಾರ ಮತ್ತು ಹಟ್ಟಿಯ ಚಿನ್ನದ ಗಣಿಗಾರಿಕೆ. ಫಾರ್ಮಾಸಿಸ್ಟ್, ವಿದ್ಯುತ್ ಗುತ್ತಿಗೆದಾರ ಮೊದಲಾದವರಿಗೆ ರಾಜ್ಯದ ಉಳಿದೆಡೆ ಇರುವ ನಿಯಮಗಳೇ ಇಲ್ಲಿಯೂ ಅನ್ವಯಿಸುತ್ತವೆ.

ತುಂಗಭದ್ರಾ ಎಡದಂಡೆ ಕಾಲುವೆ ಸಿಂಧನೂರನ್ನು ಭತ್ತದ ನಾಡಾಗಿಸಿತು. ಮಸ್ಕಿ, ಲಿಂಗಸುಗೂರಿನ ಒಣಭೂಮಿಯಲ್ಲಿ ಹತ್ತಿ, ತೊಗರಿ ಹೆಚ್ಚು. ಭತ್ತಕ್ಕೆ ಕಂದು ಜಿಗಿಹುಳು, ಬೆಂಕಿ ರೋಗ, ಹತ್ತಿಗೆ ಕಾಯಿಕೊರಕ ತಗುಲಿದಾಗ ರೈತ ಮೊದಲು ಹೋಗುವುದು ಗೊಬ್ಬರದಂಗಡಿಗೆ. ಅಲ್ಲಿ ಸಲಹೆ ಕೊಡುವವನೂ ಸರಕು ಮಾರುವವನೂ ಸುಗ್ಗಿಯವರೆಗೆ ಉದ್ರಿ ಬರೆದುಕೊಳ್ಳುವವನೂ ಒಬ್ಬನೇ. ಆದ್ದರಿಂದ ಅಂಗಡಿಯವನಿಗೆ ಎಷ್ಟು ತಿಳಿದಿದೆ ಎಂಬುದು ಬೆಳೆಯ ಪ್ರಶ್ನೆಯೂ ಹೌದು, ಸಾಲದ ಪ್ರಶ್ನೆಯೂ ಹೌದು.

1958ರಲ್ಲಿ ಕೇರಳ ಮತ್ತು ಮದ್ರಾಸ್ ರಾಜ್ಯಗಳಲ್ಲಿ ಕೀಟನಾಶಕ ಬೆರೆತ ಆಹಾರ ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ಆ ದುರಂತದ ವಿಚಾರಣೆಯ ಹಿನ್ನೆಲೆಯಲ್ಲಿ 1968ರ ಕೀಟನಾಶಕ ಕಾಯ್ದೆಯೂ 1971ರ ನಿಯಮಗಳೂ ಬಂದವು. ಮಾರಾಟಕ್ಕೆ ಪರವಾನಗಿ ಕಡ್ಡಾಯವಾಯಿತು. ಡಬ್ಬಿಯ ಮೇಲೆ ವಿಷದ ತೀವ್ರತೆ ತೋರುವ ಕೆಂಪು, ಹಳದಿ, ನೀಲಿ, ಹಸಿರು ಗುರುತುಗಳು ಬಂದವು. ಆದರೆ ಆ ಗುರುತುಗಳ ಅರ್ಥ ಬಿಡಿಸಿ ಹೇಳಬೇಕಾದ ವ್ಯಾಪಾರಿಗೆ ವಿದ್ಯಾರ್ಹತೆ ಗೊತ್ತುಪಡಿಸಿದ್ದು 2015ರ ತಿದ್ದುಪಡಿಯಲ್ಲಿ. ಅದರಂತೆ ಕೃಷಿ ಅಥವಾ ಸಂಬಂಧಿತ ವಿಜ್ಞಾನದ ಪದವಿ ಇರಬೇಕು, ಇಲ್ಲವೇ ಪದವಿ ಇದ್ದವರನ್ನು ನೇಮಿಸಿಕೊಳ್ಳಬೇಕು. ಹಳೆಯ ವ್ಯಾಪಾರಿಗಳಿಂದ ವಿರೋಧ ಬಂತು, ಗಡುವು ಮುಂದಕ್ಕೆ ಹೋಯಿತು. ಮುಂದೆ 12 ವಾರಗಳ ಸರ್ಟಿಫಿಕೇಟ್ ಕೋರ್ಸಿನ ದಾರಿಯೂ ತೆರೆಯಿತು.

ಇದಕ್ಕೂ ಮುಂಚೆ, 2003ರಲ್ಲೇ, ಹೈದರಾಬಾದಿನ ಕೃಷಿ ವಿಸ್ತರಣಾ ಸಂಸ್ಥೆ ‘ಮ್ಯಾನೇಜ್’ ಕೃಷಿ ಪರಿಕರ ವ್ಯಾಪಾರಿಗಳಿಗಾಗಿ ‘ದೇಸಿ’ ಡಿಪ್ಲೊಮಾ ಆರಂಭಿಸಿತ್ತು. ಅದು 48 ವಾರಗಳ ಕೋರ್ಸು: 40 ದಿನ ತರಗತಿ, 8 ದಿನ ಹೊಲಗಳ ಭೇಟಿ. ಪಾಠ ವಾರಕ್ಕೊಮ್ಮೆ, ಅಂಗಡಿ ಮುಚ್ಚಿರುವ ದಿನ. ವ್ಯಾಪಾರ ಕೆಡಿಸದ ಈ ಏರ್ಪಾಡೇ ಅದರ ಜಾಣತನ. ರಸಗೊಬ್ಬರದ ದಾರಿ ಬೇರೆ: 1985ರ ನಿಯಂತ್ರಣ ಆದೇಶದಡಿ ಅಧಿಕಾರ ಪತ್ರ ಬೇಕು, ಹೊಸಬರಿಗೆ ಪದವಿ ಇಲ್ಲದಿದ್ದರೆ 15 ದಿನಗಳ ತರಬೇತಿ. ಜಿಲ್ಲೆಯಲ್ಲಿ ಇಂಥ ಕಲಿಕೆಗೆ ಹತ್ತಿರದ ಆಸರೆ 2009ರಲ್ಲಿ ಸ್ಥಾಪನೆಯಾದ ರಾಯಚೂರು ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ.

ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ಚಿನ್ನದ ಗಣಿಯಲ್ಲಿ ಶಿಸ್ತು ಇನ್ನೂ ಬಿಗಿ. 1947ರಲ್ಲಿ ಹೈದರಾಬಾದ್ ಸಂಸ್ಥಾನದಲ್ಲಿ ಹುಟ್ಟಿದ ಇಲ್ಲಿನ ಗಣಿ ಕಂಪನಿ ರಾಜ್ಯ ಪುನರ್‌ವಿಂಗಡಣೆಯ ನಂತರ ಮೈಸೂರು ರಾಜ್ಯಕ್ಕೆ ಸೇರಿತು. 1952ರ ಗಣಿ ಕಾಯ್ದೆಯಡಿ ರೂಪುಗೊಂಡ 1961ರ ಲೋಹ ಗಣಿ ನಿಬಂಧನೆಗಳು ಮ್ಯಾನೇಜರ್, ಫೋರ್‌ಮನ್, ಮೇಟ್, ಬ್ಲಾಸ್ಟರ್ ಈ ನಾಲ್ವರಿಗೂ ಬೇರೆ ಬೇರೆ ಪ್ರಮಾಣಪತ್ರ ವಿಧಿಸಿದವು. ಪರೀಕ್ಷೆಯ ಹೊಣೆ ಧನಬಾದಿನಲ್ಲಿ ಕೇಂದ್ರ ಕಚೇರಿ ಇರುವ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ್ದು. 1966ರ ವೃತ್ತಿ ತರಬೇತಿ ನಿಯಮಗಳು ಹೊಸ ಕಾರ್ಮಿಕನಿಗೆ ಆರಂಭಿಕ ತರಬೇತಿಯನ್ನೂ ಎಲ್ಲರಿಗೂ ಐದು ವರ್ಷಕ್ಕೊಮ್ಮೆ ಮರುತರಬೇತಿಯನ್ನೂ ಕಡ್ಡಾಯಗೊಳಿಸಿದವು.

ಕೀಟನಾಶಕದ ಅಂಗಡಿಗೆ ಹೀಗೆ ಮರಳಿ ಕೂರಿಸಿ ಕಲಿಸುವ ಅವಧಿ ಗೊತ್ತುಮಾಡಿಲ್ಲ. ಒಮ್ಮೆ ಪಡೆದ ಅರ್ಹತೆಯೇ ಸಾಕಾಗುತ್ತದೆ. ಹುಳುಗಳು ಹಳೆಯ ಔಷಧಿಗೆ ಬಗ್ಗದೆ, ಕಂಪನಿಗಳು ಹೊಸ ಹೆಸರುಗಳನ್ನು ತರುತ್ತಲೇ ಇರುವ ವ್ಯಾಪಾರದಲ್ಲಿ ಇದು ಸಣ್ಣ ಕೊರತೆಯಲ್ಲ.