ಅಲರ್ಜಿಕ್ ರೈನಿಟಿಸ್ ಚಿಕಿತ್ಸೆ

ಅಲರ್ಜಿಕ್ ರೈನಿಟಿಸ್ ಎಂಬುದು ಉಸಿರಿನೊಡನೆ ಒಳಸೇರುವ ನಿರಪಾಯಕಾರಿ ಕಣಗಳಿಗೆ ದೇಹದ ರೋಗನಿರೋಧಕ ವ್ಯವಸ್ಥೆಯು ಅತಿಯಾಗಿ ಪ್ರತಿಕ್ರಿಯಿಸುವುದರಿಂದ ಮೂಗಿನ ಒಳಪೊರೆಯಲ್ಲಿ ಉಂಟಾಗುವ ಉರಿಯೂತ. ಸಾಲುಸೀನು, ನೀರಾಗಿ ಸುರಿಯುವ ಮೂಗು, ಮೂಗು ಕಟ್ಟುವಿಕೆ ಹಾಗೂ ಮೂಗು-ಕಣ್ಣುಗಳ ತುರಿಕೆ ಇದರ ಮುಖ್ಯ ಲಕ್ಷಣಗಳು. ಇದು ಸೋಂಕಲ್ಲವಾದ್ದರಿಂದ ಜ್ವರ ಬರುವುದಿಲ್ಲ. ಆ್ಯಂಟಿಬಯಾಟಿಕ್‌ಗಳಿಂದ ಪ್ರಯೋಜನವೂ ಇಲ್ಲ.

ಕಾರಣಗಳು

ಧೂಳುಹುಳು, ಪರಾಗ, ಬೂಷ್ಟು, ಜಿರಳೆ ಹಾಗೂ ಸಾಕುಪ್ರಾಣಿಗಳ ಚರ್ಮದ ಹೊಟ್ಟು ಸಾಮಾನ್ಯ ಪ್ರಚೋದಕಗಳು. ಕರ್ನಾಟಕದಲ್ಲಿ ಕಾಂಗ್ರೆಸ್ ಗಿಡವೆಂದು ಕರೆಯಲಾಗುವ ಪಾರ್ಥೇನಿಯಂನ ಪರಾಗವೂ ಇವುಗಳಲ್ಲೊಂದು. ಪ್ರಚೋದಕವು ಐಜಿಇ ಪ್ರತಿಕಾಯಗಳಿಗೆ ಅಂಟಿಕೊಂಡಾಗ ಮಾಸ್ಟ್ ಕೋಶಗಳು ಹಿಸ್ಟಮೀನನ್ನು ಬಿಡುಗಡೆ ಮಾಡುತ್ತವೆ.

ಪ್ರಚೋದಕಗಳ ನಿವಾರಣೆ

ಹಾಸಿಗೆ-ದಿಂಬಿನ ಹೊದಿಕೆಗಳನ್ನು ಸುಮಾರು 60 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಗೆಯುವುದರಿಂದ ಧೂಳುಹುಳುಗಳು ಸಾಯುತ್ತವೆ. ಉಪ್ಪುನೀರಿನಿಂದ ಮೂಗು ತೊಳೆಯುವುದೂ ಉಪಯುಕ್ತ. ಇದಕ್ಕೆ ಕುದಿಸಿ ಆರಿಸಿದ ನೀರನ್ನೇ ಬಳಸಬೇಕು.

ಔಷಧಗಳು

* ಮೂಗಿನ ಸ್ಟೀರಾಯ್ಡ್ ಸಿಂಪಡಿಕೆಗಳು: ಫ್ಲುಟಿಕಸೋನ್, ಮೊಮೆಟಸೋನ್ ಮೊದಲಾದ ಇವು ಮಧ್ಯಮ ಹಾಗೂ ತೀವ್ರ ಸ್ವರೂಪದ ತೊಂದರೆಗೆ ಅತ್ಯಂತ ಪರಿಣಾಮಕಾರಿ. ಪೂರ್ಣ ಫಲ ದೊರೆಯಲು ಸುಮಾರು ಎರಡು ವಾರ ಬೇಕಾಗಬಹುದಾದ್ದರಿಂದ ನಿತ್ಯವೂ ಬಳಸಬೇಕು. ಸಿಂಪಡಿಸುವಾಗ ತುದಿಯನ್ನು ಮೂಗಿನ ನಡುಗೋಡೆಯತ್ತ ಅಲ್ಲದೆ ಹೊರಬದಿಗೆ ತಿರುಗಿಸಿದರೆ ರಕ್ತಸ್ರಾವದ ಸಂಭವ ಕಡಿಮೆಯಾಗುತ್ತದೆ.
* ಆ್ಯಂಟಿಹಿಸ್ಟಮೀನ್‌ಗಳು: ಸೀನು, ತುರಿಕೆ, ಸೋರುವಿಕೆಗಳನ್ನು ತಗ್ಗಿಸುತ್ತವೆ, ಮೂಗು ಕಟ್ಟುವಿಕೆಗೆ ಅಷ್ಟಾಗಿ ಒದಗುವುದಿಲ್ಲ. ಕ್ಲೋರ್‌ಫೆನಿರಮೀನ್‌ನಂತಹ ಹಳೆಯ ಮಾತ್ರೆಗಳು ನಿದ್ದೆ ತರಿಸುವುದರಿಂದ ವಾಹನ ಚಾಲಕರಿಗೆ ಅಪಾಯಕಾರಿ. ಲೊರಾಟಡೀನ್, ಫೆಕ್ಸೊಫೆನಡೀನ್‌ಗಳಲ್ಲಿ ಮಂಪರು ಕಡಿಮೆ. ಫೆಕ್ಸೊಫೆನಡೀನನ್ನು ಹಣ್ಣಿನ ರಸದೊಡನೆ ಸೇವಿಸಿದರೆ ಅದರ ಹೀರಿಕೆ ಕುಗ್ಗುತ್ತದೆ.
* ಮೂಗು ಬಿಡಿಸುವ ಹನಿಗಳು: ಆಕ್ಸಿಮೆಟಜೊಲೀನ್, ಜೈಲೊಮೆಟಜೊಲೀನ್ ಕೆಲವೇ ನಿಮಿಷಗಳಲ್ಲಿ ಮೂಗನ್ನು ತೆರೆಯುತ್ತವೆ. ಆದರೆ 3ರಿಂದ 5 ದಿನಗಳಿಗಿಂತ ಹೆಚ್ಚು ಬಳಸಿದಲ್ಲಿ ಒಳಪೊರೆ ಮರಳಿ ಊದಿಕೊಂಡು, ಹನಿಯಿಲ್ಲದೆ ಉಸಿರಾಡಲಾಗದ ಸ್ಥಿತಿ ಉಂಟಾಗಬಹುದು.
* ಮಾಂಟೆಲುಕಾಸ್ಟ್: ಮನಸ್ಸಿನ ಮೇಲಾಗುವ ದುಷ್ಪರಿಣಾಮಗಳ ಕಾರಣ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2020ರಲ್ಲಿ ಇದಕ್ಕೆ ಕಟ್ಟುನಿಟ್ಟಿನ ಎಚ್ಚರಿಕೆ ವಿಧಿಸಿತು. ಇತರ ಔಷಧಗಳು ಫಲಿಸದಿದ್ದಾಗ ಅಥವಾ ಒಗ್ಗದಿದ್ದಾಗ ಮಾತ್ರ ಬಳಸುವಂತೆ ಅದು ಸಲಹೆ ನೀಡಿದೆ.

ಇಮ್ಯುನೊಥೆರಪಿ

ಪ್ರಚೋದಕವನ್ನೇ ಅಲ್ಪ ಪ್ರಮಾಣದಿಂದ ಆರಂಭಿಸಿ ಹಂತಹಂತವಾಗಿ ನೀಡಿ ದೇಹಕ್ಕೆ ಸಹನೆ ಕಲಿಸುವ ಈ ವಿಧಾನವನ್ನು 1911ರಲ್ಲಿ ಲಂಡನ್ನಿನ ಲಿಯೊನಾರ್ಡ್ ನೂನ್ ಹುಲ್ಲಿನ ಪರಾಗಕ್ಕೆ ಸಂಬಂಧಿಸಿದಂತೆ ಪ್ರಕಟಿಸಿದರು. ಚುಚ್ಚುಮದ್ದು ಅಥವಾ ನಾಲಿಗೆಯಡಿ ಇಡುವ ಮಾತ್ರೆ, ಹನಿಗಳ ರೂಪದಲ್ಲಿ ಸಾಮಾನ್ಯವಾಗಿ 3 ವರ್ಷ ನೀಡಲಾಗುತ್ತದೆ. ನಿಲ್ಲಿಸಿದ ಬಳಿಕವೂ ಫಲ ಉಳಿಯಬಹುದು. ಅಪರೂಪವಾಗಿ ಮಾರಣಾಂತಿಕ ಅಲರ್ಜಿ ಉಂಟಾಗಬಹುದಾದ್ದರಿಂದ ಚುಚ್ಚುಮದ್ದಿನ ನಂತರ 30 ನಿಮಿಷ ವೈದ್ಯರ ನಿಗಾದಲ್ಲಿರಬೇಕು.

ಆಸ್ತಮಾದೊಂದಿಗಿನ ಸಂಬಂಧ

ಆಸ್ತಮಾ ಉಳ್ಳವರಲ್ಲಿ ಬಹುಪಾಲು ಜನರಿಗೆ ರೈನಿಟಿಸ್ ಸಹ ಇರುತ್ತದೆ. ಆದ್ದರಿಂದ ಸೀನಿನೊಂದಿಗೆ ಉಬ್ಬಸ, ಎದೆಬಿಗಿತ ಅಥವಾ ರಾತ್ರಿ ಕೆಮ್ಮು ಕಂಡುಬಂದಲ್ಲಿ ಶ್ವಾಸಕೋಶದ ತಪಾಸಣೆಯೂ ಅಗತ್ಯ.